ಸತ್ತ ಹೆಡ್‌ಫೋನ್ ಆಡಿದ ಮಾತು

"ಇವತ್ತಿನಿಂದ ಈ ಬೆರಳುಗಳಿಗೆ ನಿವೃತ್ತಿ! ನಾನು ಹೇಳ್ತಾ ಹೋಗ್ತೀನಿ, ಕಂಪ್ಯೂಟರ್ ಬರ್ಕೊಳ್ಳುತ್ತೆ!" ಎಂದು ಎಲ್ಲಬಲ್ಲರು ಬೆಳಗ್ಗೆಯೇ ಸಾರಿದರು. ಎಲ್ಲಬಲ್ಲರು ಎನ್ನುವುದು ಬಂಧುಬಳಗ ಇಟ್ಟ ಹೆಸರು. ಗಡಿಯಾರದಿಂದ ಗ್ಯಾಸ್ ಒಲೆಯವರೆಗೆ ಅವರು ಕೈಯಿಡದ ವಸ್ತುವಿಲ್ಲ. ಕೈಯಿಟ್ಟ ಮೇಲೆ ನಡೆದ ವಸ್ತುವೂ ಇಲ್ಲ!

ಆದರೆ ಇವತ್ತಿನದು ಹುಡುಗಾಟದ ಕೆಲಸವಲ್ಲ. ಕಚೇರಿಯ ಸಿಬ್ಬಂದಿ ಆಯ್ಕೆ ವಿಭಾಗಕ್ಕೆ ಮುಖ್ಯಸ್ಥರು ಬೇಕಾಗಿದ್ದರು. ಮನುಷ್ಯರನ್ನು ಅಳೆದು ತೂಗಬಲ್ಲವರೇ ಆಗಬೇಕಂತೆ. ಆಸೆಯಿದ್ದವರು ತಮ್ಮ ಬಗ್ಗೆ ಒಂದು ಪುಟ ಬರೆದು ಮಧ್ಯಾಹ್ನದೊಳಗೆ ಮೇಲಧಿಕಾರಿಗೆ ಕಳಿಸಬೇಕು. ವರ್ಷಗಟ್ಟಲೆ ಮೂಲೆಯ ಮೇಜಿನಲ್ಲಿ ಕೂತು ಎಲ್ಲಬಲ್ಲರಿಗೆ ಸಾಕುಸಾಕಾಗಿತ್ತು. ಇದೂ ತಪ್ಪಿದರೆ ಆ ಮೂಲೆಯೇ ಗತಿ.

ಹೊಸ ವೈರ್‌ಲೆಸ್ ಹೆಡ್‌ಫೋನನ್ನು ಕಿರೀಟದಂತೆ ಧರಿಸಿ, ಗಂಟಲು ಸರಿಮಾಡಿಕೊಂಡು, "ನಾನೊಬ್ಬ ಸಮರ್ಥ..." ಎಂದರು. ಪರದೆಯ ಮೇಲೆ ಒಂದಕ್ಷರವೂ ಮೂಡಲಿಲ್ಲ. "ಸಮರ್ಥ!" ಎಂದು ಕಿರುಚಿದರು. ಊಹೂಂ!

ಹೆಡ್‌ಫೋನ್ ಆಫ್ ಮಾಡಿ ಆನ್ ಮಾಡಿದರು. ಚಾರ್ಜಿಗಿಟ್ಟರು. ಮೌಸಿನ ಬ್ಯಾಟರಿಯನ್ನೂ ಬದಲಿಸಿದರು. ಪಾಪ, ಅದೇನು ತಪ್ಪು ಮಾಡಿತ್ತೋ! ಮೇಜಿನಡಿ ನುಸುಳಿ ಇದ್ದಬದ್ದ ವೈರುಗಳನ್ನೆಲ್ಲ ಕಿತ್ತು ಮತ್ತೆ ಸಿಕ್ಕಿಸಿದರು. ಏಳುವಾಗ ಸೊಂಟ ಹಿಡಿದುಕೊಂಡಿತು.

"ಕೈಯಲ್ಲೇ ಟೈಪ್ ಮಾಡಬಾರ್ದಾ? ಇಷ್ಟೊತ್ತಿಗೆ ಮುಗಿದೇ ಹೋಗಿರೋದು" ಎಂದರು ಬಾಗಿಲಲ್ಲಿ ನಿಂತ ಹೆಂಡತಿ. ಅವರ ಕಿವಿಯ ಮೇಲೆ ಗಂಡನ ಹಳೆಯ ವೈರ್‌ಲೆಸ್ ಹೆಡ್‌ಫೋನ್. "ಸತ್ತುಹೋಗಿದೆ, ಬಿಸಾಕು" ಎಂದು ಎಲ್ಲಬಲ್ಲರೇ ತೀರ್ಪು ಕೊಟ್ಟದ್ದು. ಆದರೆ ಈ ಮನೆಯಲ್ಲಿ ಯಾವುದನ್ನೂ ಬಿಸಾಡುವ ಪದ್ಧತಿಯಿಲ್ಲ. ಮಿಕ್ಸಿಯ ಸದ್ದಿನಿಂದ ಕಿವಿ ಕಾಪಾಡಿಕೊಳ್ಳಲು ಆಕೆ ಅದನ್ನು ಇಟ್ಟುಕೊಂಡಿದ್ದರು.

"ನಿನಗೆ ಇದೆಲ್ಲ ಅರ್ಥ ಆಗಲ್ಲ ಬಿಡು!"

"ಆಂ? ಕೇಳಿಸ್ಲಿಲ್ಲ" ಎಂದು ಆಕೆ ಅಡುಗೆಮನೆಗೆ ಹೋದರು.

ಮಿಕ್ಸಿ ಗರ್ಜಿಸಿ ನಿಂತಿತು. ಸ್ವಲ್ಪ ಹೊತ್ತಿಗೆ ಪರದೆಯ ಮೇಲೆ ಅಕ್ಷರಗಳು ಓಡತೊಡಗಿದವು: 'ಮನುಷ್ಯ ತುಂಬಾ ಒಳ್ಳೆಯವರು.'

"ಆಹಾ! ಬಾಯಿ ಬಿಡೋ ಮೊದಲೇ ಬರೀತಿದೆ!" ಎಂದು ಎಲ್ಲಬಲ್ಲರು ಹಿಗ್ಗಿದರು.

'ಆದರೆ ಗೊತ್ತಿಲ್ಲ ಅನ್ನೋ ಮಾತು ಮಾತ್ರ ಬಾಯಲ್ಲಿ ಬರಲ್ಲ.'

"ಯಾರ ಬಾಯಲ್ಲಿ?" ಎಂದು ಗುಡುಗಿದರು.

'ಬಲ್ಬ್ ಹಾಕೋಕೆ ಹೋಗಿ ಇಡೀ ಮನೆ ಕತ್ತಲೆ ಮಾಡ್ತಾರೆ.'

ಬಲ್ಬಿನ ಸಂಗತಿ ಇದಕ್ಕೆ ಹೇಗೆ ಗೊತ್ತಾಯಿತು? "ಬಾಯಿ ಮುಚ್ಚು!" ಎಂದರೂ ಕಂಪ್ಯೂಟರ್ ಕೇಳಲೊಲ್ಲದು.

'ಸುಳ್ಳು ಹೇಳೋಕೆ ಬರಲ್ಲ. ಸೊಂಟ ಮುರಿದ್ರೂ ಸಹಾಯ ಕೇಳಲ್ಲ. ನೋಡಿ ನೋಡಿ ಸಾಕಾಗಿದೆ ಅಕ್ಕಾ.'

ಅಕ್ಕಾ! ಎಲ್ಲಬಲ್ಲರು ಸೊಂಟ ಹಿಡಿದುಕೊಂಡೇ ಅಡುಗೆಮನೆಗೆ ಓಡಿದರು. ಫೋನನ್ನು ಡಬ್ಬಕ್ಕೆ ಒರಗಿಸಿ ಹೆಂಡತಿ ತಮ್ಮ ಅಕ್ಕನೊಂದಿಗೆ ಮಾತಾಡುತ್ತಿದ್ದರು. ಕೊರಳಲ್ಲಿ ಜೋತ ಹೆಡ್‌ಫೋನಿನಲ್ಲಿ ನೀಲಿ ದೀಪ ಮಿನುಗುತ್ತಿತ್ತು.

"ಅದು ಸತ್ತಿತ್ತಲ್ಲ!"

"ಆನ್ ಆಗಿದ್ರೆ ಸದ್ದು ಇನ್ನೂ ಕಮ್ಮಿ ಕೇಳುತ್ತೇನೋ ಅಂತ ರಾತ್ರಿ ಚಾರ್ಜ್ ಮಾಡಿ, ಈಗ ಗುಂಡಿ ಒತ್ತಿದೆ. ಬದುಕ್ತು!"

ಬದುಕಿದ್ದೇ ತಡ, ಅದು ಹಳೆಯ ನಂಟು ಬಿಡದೆ ಕಂಪ್ಯೂಟರನ್ನು ಸೇರಿಕೊಂಡು ಅಡುಗೆಮನೆಯ ಮಾತನ್ನೆಲ್ಲ ಒಪ್ಪಿಸುತ್ತಿತ್ತು. ಎಲ್ಲಬಲ್ಲರಿಗೆ ನಿಜಕ್ಕೂ ನೋವಾಯಿತು. ಜಗಳವಾಡೋಣವೆಂದರೆ ಮಧ್ಯಾಹ್ನವಾಗುತ್ತ ಬಂದಿತ್ತು, ಮೈಯಲ್ಲಿ ತ್ರಾಣವೂ ಇರಲಿಲ್ಲ. ಮರಳಿ ಬಂದು, ನಿವೃತ್ತ ಬೆರಳುಗಳನ್ನೇ ಕರೆಸಿ, ಪುಟದ ಮೇಲ್ಭಾಗದಲ್ಲಿ 'ದೂರದೃಷ್ಟಿ, ಕಾರ್ಯದಕ್ಷತೆ, ತಾಂತ್ರಿಕ ಪರಿಣತಿ' ಎಂದೆಲ್ಲ ಕುಟ್ಟಿ ಕಳಿಸಿಬಿಟ್ಟರು. ಕೆಳಗಿನ ಸಾಲುಗಳನ್ನು ಅಳಿಸಿರಲಿಲ್ಲ ಎಂಬುದು ಕಳಿಸಿದ ಮೇಲೆ ಹೊಳೆಯಿತು.

ಸ್ವಲ್ಪ ಹೊತ್ತಿನಲ್ಲೇ ಮೇಲಧಿಕಾರಿಯ ಫೋನ್.

"ಓದಿದೆ ಕಣ್ರೀ. ಮೇಲಿನ ಭಾಗ ಎಲ್ಲರೂ ಬರೆಯೋದೇ. ಆದ್ರೆ ಕೆಳಗಡೆ ಇದೆಯಲ್ಲ, ಅದ್ಭುತ! ನಾಲ್ಕು ಮಾತಲ್ಲಿ ಒಬ್ಬ ಮನುಷ್ಯನನ್ನ ತೂಗಿ ಇಟ್ಟುಬಿಟ್ಟಿದ್ದಾರೆ. ಈ ಹುದ್ದೆಗೆ ಬೇಕಾಗಿರೋದೇ ಇದು!"

"ಹಾಗಾದ್ರೆ ಸರ್, ಹುದ್ದೆ..." ಎಂದು ಎಲ್ಲಬಲ್ಲರು ರಾಗ ಎಳೆದರು.

"ಅದನ್ನ ಹೇಳಿದ್ದು ಯಾರು?"

"ನನ್ನ ಹೆಂಡ್ತಿ, ಸರ್."

"ಸರಿ, ಫೋನ್ ಅವರ ಕೈಗೆ ಕೊಡಿ. ನಾಳೆಯಿಂದಲೇ ಬಂದು ಸೇರ್ಕೋತಾರಾ ಕೇಳೋಣ!"