ಬಾಲ ಹಿಡಿದು ಕಾಯಿಲೆ ಹೇಳುವ ಚಿಕ್ಕಮ್ಮ

ಗುಂಡ್ಲುಪೇಟೆಯಲ್ಲಿ ಯಾರ ಪಿತ್ತಕೋಶದಲ್ಲಿ ಕಲ್ಲಿದೆ, ಯಾರ ಮಂಡಿ ಸವೆದಿದೆ, ಯಾರ ಕರುಳು ಯಾರ ಮೇಲೆ ಮುನಿಸಿಕೊಂಡಿದೆ ಅನ್ನೋದೆಲ್ಲ ನಮ್ಮ ಚಿಕ್ಕಮ್ಮನಿಗೆ ಗೊತ್ತಿತ್ತು ಅಂದರೆ ನೀವು ನಂಬೋದಿಲ್ಲ. ನಂಬಬೇಡಿ! ಅವಳ ಮನೆಯ ಜಗಲಿಯಲ್ಲಿ ಅರ್ಧ ಗಂಟೆ ಕೂತಿದ್ದರೆ ನಿಮ್ಮ ಕಾಯಿಲೆಯನ್ನೂ ಬಾಯಿ ಬಿಡಿಸಿ, ಬಿಡಿಬಿಡಿ ಮಾಡಿ, ನಿಮ್ಮ ಕೈಗೇ ವಾಪಸು ಕೊಟ್ಟು ಕಳಿಸುತ್ತಿದ್ದಳು.

ಹಾಗಂತ ಚಿಕ್ಕಮ್ಮ ಡಾಕ್ಟರಲ್ಲ. ನರ್ಸೂ ಅಲ್ಲ. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷು ಕೈಕೊಟ್ಟಿತು ಅಂತ ಓದು ಬಿಟ್ಟು, ಬಾಳೆಕಾಯಿ ಮಂಡಿ ಇಟ್ಟಿದ್ದ ಚಿಕ್ಕಪ್ಪನನ್ನು ಕಟ್ಟಿಕೊಂಡು ಬಂದವಳು. ಆಮೇಲೆ ಎಷ್ಟೋ ವರ್ಷಕ್ಕೆ ಅದೇ ಇಂಗ್ಲಿಷಿನ ಮೇಲೆ ಸೇಡು ತೀರಿಸಿಕೊಂಡಳು ನೋಡಿ, ಅದೇ ಈ ಕಥೆ.

ಅವಳ ಮನೆಯ ಮೇಲುಗಡೆ ಒಂದು ರೂಮಿತ್ತು. ಅದಕ್ಕೆ ಕೇರಳದ ಬತ್ತೇರಿ ಕಡೆಯಿಂದ ಬಂದ ಮಲೆಯಾಳಿ ನರ್ಸೊಬ್ಬರು ಬಾಡಿಗೆಗೆ ಬಂದರು. ಎರಡು ಬೀದಿ ಆಚೆಯ ನರ್ಸಿಂಗ್ ಹೋಮಿನಲ್ಲಿ ಕೆಲಸ. ಊರವರೆಲ್ಲ ಅವರನ್ನು ಸಿಸ್ಟರ್ ಅಂತಲೇ ಕರೆಯುತ್ತಿದ್ದರು. ಸಂಜೆ ಇಬ್ಬರೂ ಅಡುಗೆಮನೆಯಲ್ಲಿ ಕೂತರೆ ಜಗತ್ತು ಬೇಡ. ಮುದ್ದೆ ನುಂಗೋದನ್ನು ಚಿಕ್ಕಮ್ಮ ಸಿಸ್ಟರ್‌ಗೆ ಕಲಿಸಿದಳು. ಪದ ಒಡೆಯೋದನ್ನು ಸಿಸ್ಟರ್ ಚಿಕ್ಕಮ್ಮನಿಗೆ ಕಲಿಸಿದರು. ಸಿಸ್ಟರ್‌ಗೆ ಮುದ್ದೆ ಗಂಟಲಲ್ಲೇ ನಿಲ್ಲುತ್ತಿತ್ತು. ಚಿಕ್ಕಮ್ಮನಿಗೆ ಮಾತ್ರ ಪದಗಳು ಸರಾಗವಾಗಿ ಇಳಿದುಬಿಟ್ಟವು!

"ಕಾಯ್ಲೆ ಎಸ್ರು ಎಷ್ಟುದ್ದ ಇದ್ರೂ ಎದ್ರುಕೋಬ್ಯಾಡ ಕಣಮ್ಮಿ," ಅಂತ ನನಗೆ ಹೇಳಿದ್ದಳು. "ತಲೆ ನೋಡಿದ್ರೆ ಯಾವ ಜಾಗ ಅಂತ ಗೊತ್ತಾಯ್ತದೆ. ಬಾಲ ನೋಡಿದ್ರೆ ಅಲ್ಲಿ ಏನಾಗದೆ ಅಂತ ಗೊತ್ತಾಯ್ತದೆ. ಐಟಿಸ್ ಅಂದ್ರೆ ಊತ. ಆಲ್ಜಿಯಾ ಅಂದ್ರೆ ನೋವು. ಸ್ಕೋಪಿ ಅಂದ್ರೆ ಒಳಕ್ಕೆ ಬಗ್ಗಿ ನೋಡೋದು. ಎಕ್ಟಮಿ ಅಂದ್ರೆ ಕಿತ್ತಾಕೋದು. ಅಷ್ಟೇಯ! ಇದ್ಕೆ ಏಳೆಂಟು ವರ್ಸ ಯಾಕೆ ಓದ್ತಾರೋ ಆ ಶಿವನೇ ಬಲ್ಲ."

ಸುದ್ದಿ ಹಬ್ಬಲು ಎಷ್ಟು ಹೊತ್ತು? ಚಾಮರಾಜನಗರದ ದೊಡ್ಡಾಸ್ಪತ್ರೆಗೋ ಮೈಸೂರಿಗೋ ಹೋಗಿ ಬಂದವರು ಬಸ್ಸಿಳಿದು ಸೀದಾ ಚಿಕ್ಕಮ್ಮನ ಜಗಲಿಗೆ ಬರೋದು ಒಂದು ಪದ್ಧತಿಯೇ ಆಗಿಹೋಯಿತು. ಚಪ್ಪಲಿ ಬಿಡೋದು, ಚೀಟಿ ಕೊಡೋದು, ಕಂಬಕ್ಕೆ ಒರಗಿ ಕೂರೋದು. ಫೀಸಿಲ್ಲ. ಮಡಿಲಲ್ಲಿ ಅವರೆಕಾಯಿ ಇದ್ದರೆ ಸುರಿಯೋರು, ಇಲ್ಲದಿದ್ದರೆ ಚಿಕ್ಕಮ್ಮನೇ ಕಾಫಿ ಕೊಡುವಳು. ಆದರೆ ಗುಟ್ಟು ಅನ್ನೋ ಮಾತೇ ಇಲ್ಲ. ಯಾರ ಚೀಟಿಯೇ ಆಗಲಿ, ಬೀದಿ ಕೊನೆಗೆ ಕೇಳಿಸೋ ಹಾಗೆ ಓದಬೇಕು. ಮೂಲವ್ಯಾಧಿಯವರು ಪಾಪ, ಸೆರಗಲ್ಲೋ ಟವೆಲಲ್ಲೋ ಮುಖ ಮುಚ್ಚಿಕೊಂಡು ಕೂರುತ್ತಿದ್ದರು.

ಇಂಥ ಮನೆಗೆ ನಾನು ಬಸುರಿಯಾಗಿ ಬಂದು ಬಿದ್ದೆ.

ಆಗಿನ್ನೂ ಮನೆಗೊಂದು ಮೊಬೈಲು ಬರುತ್ತಿದ್ದ ಕಾಲ. ನನ್ನ ತವರು ಪುಣಜನೂರು, ಕಾಡಿನಂಚು. ಸೇರಿದ ಮನೆ ಹರದನಹಳ್ಳಿ. ಮದುವೆಯಾದ ಮೇಲೆ ಎರಡು ಸಲ ಬಸುರಾಗಿ ಎರಡೂ ನಿಂತಿರಲಿಲ್ಲ. ಒಂದು ಮೂರು ತಿಂಗಳಿಗೆ ಹೋಯಿತು, ಇನ್ನೊಂದು ಐದಕ್ಕೆ. ಈಗ ಮತ್ತೆ ನಿಂತಿತ್ತು. ಡಾಕ್ಟರಮ್ಮ, "ಹೆರಿಗೆವರೆಗೂ ಮಂಚ ಬಿಟ್ಟು ಇಳೀಬೇಡಿ" ಅಂದುಬಿಟ್ಟರು. ತವರಿಗೆ ಕರೆದುಕೊಂಡು ಹೋಗೋಣ ಅಂದರೆ ಅಮ್ಮನಿಗೇ ಧೈರ್ಯ ಸಾಲದು. ಹೊತ್ತಲ್ಲದ ಹೊತ್ತಲ್ಲಿ ನೋವು ಬಂದು, ರೋಡಿಗೆ ಆನೆ ಅಡ್ಡ ನಿಂತರೆ ಏನು ಗತಿ? ಆನೆಗೆ ನಮ್ಮ ಅವಸರ ಗೊತ್ತಾಗುತ್ತಾ? ಅದಕ್ಕೆ ನರ್ಸಿಂಗ್ ಹೋಮಿಗೆ ಹತ್ತಿರ ಅಂತ ಚಿಕ್ಕಮ್ಮನ ಮನೆ.

ಚಿಕ್ಕಮ್ಮ ನನ್ನ ಮಂಚದ ಕಾಲ್ದೆಸೆಗೆ ಇಟ್ಟಿಗೆ ಮಡಗಿ ಎತ್ತರಿಸಿ, ಜಗಲಿ ಕಡೆಯ ಕಿಟಕಿ ಪಕ್ಕ ಮಲಗಿಸಿದಳು. ನನಗೆ ಒಳಗೊಳಗೇ ಭಯ. ಪಕ್ಕಕ್ಕೆ ತಿರುಗಿದರೆ ಭಯ, ಕೆಮ್ಮಿದರೆ ಭಯ. ಈ ಕೂಸಾದರೂ ಉಳೀಲಿ ಅನ್ನೋದು ಬಿಟ್ಟರೆ ತಲೆಯಲ್ಲಿ ಬೇರೆ ಯೋಚನೆಯೇ ಇರಲಿಲ್ಲ. ಆದರೆ ಕಿಟಕಿಯಾಚೆ ನಡೆಯುತ್ತಿದ್ದ ಆಸ್ಪತ್ರೆ ಇದೆಯಲ್ಲ, ಅದು ಭಯಪಡೋಕೂ ಬಿಡಬೇಕಲ್ಲ!

ಒಂದು ಸಲ ವಯಸ್ಸಾದ ಅಜ್ಜನೊಬ್ಬ ಬಂದ. ವಾರದಿಂದ ಜ್ವರ. ಚಾಮರಾಜನಗರದಲ್ಲಿ ರಕ್ತ ಕೊಟ್ಟು, ಎಕ್ಸರೇ ತೆಗೆಸಿ ಬಂದಿದ್ದ. ಚೀಟಿಯಲ್ಲಿ ಪಿ.ಯು.ಓ. ಅಂತ ಇತ್ತಂತೆ.

"ಏನವ್ವ ಅದು? ದೊಡ್ಡ ಕಾಯ್ಲೆನಾ?"

"ಪಿ ಅಂದ್ರೆ ಜ್ವರ ಕಣಜ್ಜ. ಯು ಓ ಅಂದ್ರೆ ಎಲ್ಲಿಂದ ಬಂತೋ ಗೊತ್ತಿಲ್ಲ ಅಂತ."

ಅಜ್ಜ ಚೀಟಿ ವಾಪಸು ಇಸಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದ. ಆಮೇಲೆ ಶುರು ಮಾಡಿದ ನೋಡಿ. "ಅಲ್ಲ ಕಣವ್ವ, ಜ್ವರ ಬಂದದೆ, ಎಲ್ಲಿಂದ ಬಂತೋ ಗೊತ್ತಿಲ್ಲ ಅಂತ ನಾನೇ ತಾನೇ ಅವ್ರ್ಗೆ ಏಳಿದ್ದು? ನಾನು ಏಳಿದ್ನ ಇಂಗ್ಲೀಸಲ್ಲಿ ಬರ್ದು ನಂಗೇ ಕೊಟ್ಟವ್ರಲ್ಲ!"

ನಾನು ಒಳಗೆ ಹೊಟ್ಟೆ ಹಿಡಿದುಕೊಂಡು ನಗು ತಡೆದೆ. ತಡೆಯೋಕಾಗದೆ ಕಿಸಕ್ಕಂದೆ. ನಕ್ಕ ತಕ್ಷಣ ಜೀವ ಹಾರಿಹೋಯಿತು. ಹೊಟ್ಟೆ ಕುಲುಕಿತಲ್ಲ, ಏನಾದರೂ ಆಗಿಬಿಟ್ಟರೆ? ಸಿಸ್ಟರ್ ಡ್ಯೂಟಿಯಿಂದ ಬರೋದನ್ನೇ ಕಾದು ಕೇಳಿದೆ: "ಸಿಸ್ಟರ್, ನಕ್ಕರೆ ಮಗೂಗೆ ತೊಂದರೆನಾ?"

"ಅಯ್ಯೋ ಮೋಳೆ," ಅಂದರು ಸಿಸ್ಟರ್ ತಮ್ಮ ಮಲೆಯಾಳ ಬೆರೆತ ಕನ್ನಡದಲ್ಲಿ (ಮೋಳೆ ಅಂದರೆ ಮಗಳೇ ಅಂತ), "ನೀನು ನಗು. ಒಳಗೆ ಅದೂ ಕೇಳ್ತಾ ಉಂಟು."

ಸರಿ, ಅಪ್ಪಣೆ ಸಿಕ್ಕಿತು. ಆಮೇಲೆ ನಾನೂ ನನ್ನ ಹೊಟ್ಟೆಯೂ ಸೇರಿಕೊಂಡೇ ನಕ್ಕೆವು.

ನಗೋಕೆ ಕಾರಣಗಳಿಗೇನು ಬರ? ಪದ ಒಡೆಯೋ ಚಾಳಿ ಜಗಲಿ ದಾಟಿ ಅಡುಗೆಮನೆಗೂ ನುಗ್ಗಿತ್ತು. ಚಿಕ್ಕಪ್ಪನಿಗೆ ಕಾಫಿ ಬಿ.ಡಿ., ಅಂದರೆ ದಿನಕ್ಕೆ ಎರಡೇ ಸಲ. ಬಾಳೆಹಣ್ಣು ಎಚ್.ಎಸ್., ಅಂದರೆ ಮಲಗೋ ಮುಂಚೆ. ಉಪ್ಪಿನಕಾಯಿ ಎಸ್.ಓ.ಎಸ್., ತಡೆಯೋಕೇ ಆಗದಿದ್ದರೆ ಮಾತ್ರ! ಚಿಕ್ಕಪ್ಪ ಸಾಧು ಮನುಷ್ಯ, ಮಂಡಿಯಲ್ಲಿ ಹಗಲೆಲ್ಲ ಕೂಗಿ ಮನೆಯಲ್ಲಿ ಬಾಯಿ ಬಿಡದವರು. ಆದರೆ ಅವರೂ ಸಿಸ್ಟರ್ ಹತ್ತಿರ ಗುಟ್ಟಾಗಿ ಒಂದು ಪದ ಕಲಿತುಬಂದರು. ಒಂದು ಮಧ್ಯಾಹ್ನ ಮಂಡಿಯಿಂದ ಬಂದವರೇ ನಡುಮನೆಯಲ್ಲಿ ನಿಂತು ಗುಡುಗಿದರು: "ಏ ಇವ್ಳೇ! ಕಾಫಿ, ಸ್ಟ್ಯಾಟ್!"

ಸ್ಟ್ಯಾಟ್ ಅಂದರೆ ಈ ಕ್ಷಣವೇ, ಇಲ್ಲದಿದ್ದರೆ ಪೇಷಂಟು ಉಳಿಯಲ್ಲ ಅಂತ. ಚಿಕ್ಕಮ್ಮ ಬೆಚ್ಚಿಬಿದ್ದು ಮೂರನೇ ಕಾಫಿ ಕೊಟ್ಟೇಬಿಟ್ಟಳು. ಚಿಕ್ಕಪ್ಪ ಗೆದ್ದಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ನಮ್ಮ ಮಾವನೋರು, ಅಂದರೆ ನಮ್ಮ ಯಜಮಾನರ ತಂದೆ, ಹರದನಹಳ್ಳಿಯಿಂದ ನನ್ನನ್ನು ನೋಡೋಕೆ ಬಂದರು. ನನ್ನನ್ನು ನೋಡೋದು ನೆಪ. ಜೇಬಿನಲ್ಲಿ ಹೊಟ್ಟೆಯ ಸ್ಕ್ಯಾನಿಂಗ್ ರಿಪೋರ್ಟು! ಎಂಥ ಗತ್ತಿನ ಮನುಷ್ಯ, ವಿಭೂತಿ ಹಚ್ಚಿ ಶಲ್ಯ ಹೊದ್ದು ಹೊರಟರೆ ಊರೇ ಎದ್ದು ನಿಲ್ಲಬೇಕು. ಅಂಥವರು ಜಗಲಿಯಲ್ಲಿ ಅವರೆಕಾಯಿ ಬುಟ್ಟಿಗಳ ನಡುವೆ ಕೂತು ಚೀಟಿ ಚಾಚಿದರು.

"ಎನ್.ಎ.ಡಿ. ಅಂತ ಅದೆ ಬೀಗ್ರೇ," ಅಂದಳು ಚಿಕ್ಕಮ್ಮ. "ನೋಡಿದ್ವಿ, ಕೆಟ್ಟದ್ದು ಏನೂ ಕಾಣ್ಲಿಲ್ಲ ಅಂತ. ಒಳ್ಳೇದಾಯ್ತಲ್ಲ!"

ಒಳ್ಳೇದು? ಮಾವನೋರ ಮುಖ ಕಪ್ಪಿಟ್ಟಿತು. "ಏನೂ ಇಲ್ವಾ? ಆರು ತಿಂಗ್ಳಿಂದ ಒದ್ದಾಡ್ತಾ ಇವ್ನಿ, ಏನೂ ಇಲ್ಲ ಅಂದ್ರೆ? ನಮ್ಮ ಪಕ್ಕದ ಮನೆಯೋನ್ಗೆ ನಾಕು ಸಾಲು ಬರ್ಕೊಟ್ಟವ್ರೆ! ನಂಗೆ ಮೂರಕ್ಷರನಾ?"

ಅವರ ಮರ್ಯಾದೆ ಹೋಗಿತ್ತು. ಚಿಕ್ಕಮ್ಮನಿಗೆ ಕರುಣೆ ಬಂತು. ಕೂತು ಯೋಚಿಸಿ, "ಏನಾದ್ರೂ ಬೇಕೇ ಬೇಕು ಅಂದ್ರೆ ನಿಮ್ದು ಗ್ಯಾಸ್ಟ್ರಾಲ್ಜಿಯಾ ಅನ್ಕಳಿ" ಅಂದಳು. ಹೊಟ್ಟೆನೋವು ಅಂತ ಅಷ್ಟೇ ಅದರರ್ಥ! ಮಾವನೋರು ಆ ಪದವನ್ನು ಎರಡು ಸಲ ಬಾಯಿಪಾಠ ಮಾಡಿಕೊಂಡು, ಶಲ್ಯ ಸರಿಮಾಡಿಕೊಂಡು, ನೆಮ್ಮದಿಯಾಗಿ ಬಸ್ಸು ಹತ್ತಿದರು. ನನ್ನ ಹೊಟ್ಟೆಯಲ್ಲಿ ಕೂಸು ಮೊದಲ ಸಲ ಒದ್ದಿದ್ದು ಅವತ್ತೇ. ತಾತನ ಅವತಾರ ನೋಡಿ ಒದ್ದಿತು ಅಂತ ನಾನು ಇವತ್ತಿಗೂ ಹೇಳ್ತೀನಿ.

ಚಿಕ್ಕಮ್ಮ ಎಡವಿದ್ದೂ ಉಂಟು, ಮುಚ್ಚಿಡೋದೇಕೆ? ಎದುರುಮನೆ ಹುಡುಗಿಗೆ ಬದನಗುಪ್ಪೆ ಕಡೆಯ ಒಂದು ಸಂಬಂಧ ಬಂದಿತ್ತು. ಹುಡುಗ ಸ್ಕೂಲಲ್ಲಿ ಆಟ ಆಡಿಸೋ ಮೇಷ್ಟ್ರು. ಬಯೋಡೇಟಾ ಓದಿಸೋಕೆ ಇವಳ ಹತ್ತಿರ ತಂದರು. ಇವಳು ಹೆಸರಿನ ಮುಂದೆ ಬಿ.ಪಿ. ಅನ್ನೋ ಎರಡಕ್ಷರ ನೋಡಿದವಳೇ ಮುಂದಿನದನ್ನು ನೋಡಲೇ ಇಲ್ಲ. "ಇಷ್ಟು ಚಿಕ್ಕ ವಯಸ್ಗೇ ಬಿ.ಪಿ.! ಪಾಪ, ಒಳ್ಳೇ ಜನ, ಮುಚ್ಚಿಡ್ದೆ ಬರ್ದವ್ರೆ. ಆದ್ರೂ ಯೋಚ್ನೆ ಮಾಡಿ" ಅಂದುಬಿಟ್ಟಳು. ಹುಡುಗಿ ಕಡೆಯವರು ಹೋಗಿ ಹುಡುಗನಿಗೆ ಉಪ್ಪು ಕಡಿಮೆ ತಿನ್ನೋಕೆ ಹೇಳಿದರಂತೆ! ಅವನು ಬಿ.ಪಿ.ಎಡ್. ಸರ್ಟಿಫಿಕೇಟು ತಂದು ತೋರಿಸಿ ಮದುವೆ ಮಾಡಿಕೊಳ್ಳಬೇಕಾಯಿತು. ಮದುವೆ ಊಟದಲ್ಲಿ ಚಿಕ್ಕಮ್ಮನ ಎಲೆಗೆ ಅವನೇ ನಿಂತು ಎರಡು ಸಲ ಉಪ್ಪು ಬಡಿಸಿದ. ಚಿಕ್ಕಮ್ಮ ಕಮಕ್ ಕಿಮಕ್ ಅನ್ನದೆ ತಿಂದು ಬಂದಳು.

ಇಷ್ಟೆಲ್ಲ ಓದುತ್ತಿದ್ದ ಚಿಕ್ಕಮ್ಮ ಒಂದೇ ಒಂದನ್ನು ಓದುತ್ತಿರಲಿಲ್ಲ. ನನ್ನದನ್ನು. ತಿಂಗಳ ಚೆಕಪ್ಪು ಮುಗಿಸಿ ಬಂದ ಕೂಡಲೇ ನನ್ನ ಕಾರ್ಡನ್ನು ಕೈಯಿಂದ ತೆಗೆದುಕೊಂಡು, ಬಿಚ್ಚದೆ, ಬೀರುವಿನೊಳಗೆ ಸೀರೆಗಳ ಕೆಳಗೆ ಮಡಗಿಬಿಡೋಳು. ಜಗಲಿಯಲ್ಲಿ ಯಾರಾದರೂ, "ನಿಮ್ಮ ಮಗ್ಳದೇನಂತೆ?" ಅಂದರೆ, "ಏನಿಲ್ಲ, ಚೆನ್ನಾಗವ್ಳೆ, ನೀನು ನಿನ್ನ ಮಂಡಿ ಇಚಾರ ಏಳು" ಅಂತ ಬಾಯಿ ಮುಚ್ಚಿಸೋಳು. ನನಗೆ ಅನುಮಾನ ಶುರುವಾಯಿತು. ಓದೋಕಾಗದಂಥದ್ದು ಏನೋ ಅದರಲ್ಲಿ ಇರಬೇಕು!

ಒಂಬತ್ತು ತುಂಬುತ್ತಿದ್ದಾಗ ಒಂದು ಮಧ್ಯಾಹ್ನ ನೋವು ಕಾಣಿಸಿಕೊಂಡಿತು. ಆಟೋ ಸಿಗಲಿಲ್ಲ. ಚಿಕ್ಕಪ್ಪ ಬಾಳೆಗೊನೆ ಸಾಗಿಸೋ ಲಗೇಜ್ ಆಟೋ ತಂದರು. ಹಿಂದೆ ಒಣಗಿದ ಬಾಳೆ ಎಲೆಯ ಮೇಲೆ ಹಾಸಿಗೆ ಹಾಸಿ ನನ್ನನ್ನು ಮಲಗಿಸಿದರು. ಚಿಕ್ಕಮ್ಮ ಪಕ್ಕದಲ್ಲಿ ಕೂತು ಎರಡು ಬೀದಿಯುದ್ದಕ್ಕೂ, "ಸ್ಟ್ಯಾಟ್! ಸ್ಟ್ಯಾಟ್!" ಅಂತ ಕಿರುಚುತ್ತಿದ್ದಳು. ದಾರಿಯಲ್ಲಿ ಹಸು ಕೂಡ ಸರಿದು ನಿಂತಿತು! ಆ ನೋವಿನಲ್ಲೂ ನಾನು ನಕ್ಕೆ.

ನರ್ಸಿಂಗ್ ಹೋಮಿನಲ್ಲಿ ಡ್ಯೂಟಿಯಲ್ಲಿದ್ದ ಹುಡುಗಿ ನನ್ನ ಕಾರ್ಡು ನೋಡಿ ಒಳಕ್ಕೆ ಕೂಗಿದಳು: "ಡಾಕ್ಟ್ರೇ, ಜಿ ತ್ರೀ, ಎ ಟೂ!"

ನಗು ಅಲ್ಲಿಗೇ ನಿಂತುಹೋಯಿತು. ನಾನು ಚಿಕ್ಕಮ್ಮನ ಕೈ ಹಿಡಿದು ಕೇಳಿದೆ: "ಚಿಕ್ಕಮ್ಮ, ಎ ಟೂ ಅಂದ್ರೇನು?"

"ನಂಗೊತ್ತಿಲ್ಲ ಕಣಮ್ಮಿ," ಅಂದಳು.

ಯಾವತ್ತೂ ಗೊತ್ತಿಲ್ಲ ಅನ್ನದವಳು! ಬಿ.ಪಿ. ಮೇಷ್ಟ್ರ ವಿಷಯದಲ್ಲೂ ಅನ್ನದವಳು! ಅವಳಿಗೆ ಗೊತ್ತಿದೆ ಅಂತ ನನಗೆ ಗೊತ್ತಾಯಿತು. ನಾನು ಮತ್ತೆ ಕೇಳಲಿಲ್ಲ.

ದೇವರು ದೊಡ್ಡವನು. ಸಂಜೆ ಹೊತ್ತಿಗೆ ಹೆಣ್ಣುಕೂಸು. ಅತ್ತಿತು ನೋಡಿ, ನರ್ಸಿಂಗ್ ಹೋಮಿನ ಸೂರು ಹಾರಿಹೋಗೋ ಹಾಗೆ! "ಗಂಟ್ಲು ನಂದೇ," ಅಂತ ಚಿಕ್ಕಮ್ಮ ಎಲ್ಲರಿಗೂ ಹೇಳಿಕೊಂಡು ಓಡಾಡಿದಳು.

ಮಾರನೇ ದಿನ ಹರದನಹಳ್ಳಿಯಿಂದ ನಮ್ಮತ್ತೆ ಬಂದರು. ಅತ್ತೆ ಕೆಟ್ಟವರಲ್ಲ, ಎರಡು ಸಲವೂ ನನ್ನನ್ನು ಒಂದು ಮಾತು ಆಡಿದವರಲ್ಲ. ಕೂಸನ್ನು ಎತ್ತಿಕೊಂಡು ಕಣ್ಣು ತುಂಬಿ ಹೇಳಿದರು: "ಅಂತೂ ಮೊದಲ್ನೇ ಕೂಸು ಕಂಡ್ವಿ ಕಣವ್ವ. ಇಂದೆ ಆಗಿದ್ದೆಲ್ಲ ಮರ್ತ್ಬುಡು. ಅವು ಲೆಕ್ಕಕ್ಕಿಲ್ಲ."

ಸಮಾಧಾನಕ್ಕೇ ಹೇಳಿದ್ದು. ಎಲ್ಲರೂ ಹಾಗೇ ಹೇಳುತ್ತಿದ್ದರು. ನಾನೂ ಹೂಂ ಅನ್ನೋದು ಕಲಿತಿದ್ದೆ.

ಚಿಕ್ಕಮ್ಮ ಫ್ಲಾಸ್ಕು ಕೆಳಗಿಟ್ಟಳು. ಮಂಚದ ತುದಿಯಲ್ಲಿ ನೇತುಹಾಕಿದ್ದ ನನ್ನ ಕಾರ್ಡು ತೆಗೆದುಕೊಂಡು ಬಂದು ನನ್ನ ಪಕ್ಕ ಕೂತಳು. ಅವಳು ಅಷ್ಟು ಮೆಲ್ಲಗೆ ಮಾತಾಡಬಲ್ಲಳು ಅಂತ ನನಗೆ ಗೊತ್ತೇ ಇರಲಿಲ್ಲ.

"ನಿನ್ನೆ ಕೇಳಿದ್ಯಲ್ಲ, ಈಗ ಏಳ್ತೀನಿ. ಜಗ್ಲಿ ಮೇಲೆ ಕೂಗೋ ಮಾತಲ್ಲ ಅಂತ ಸುಮ್ಕಿದ್ದೆ. ಬಸ್ರೀಗೆ ಏಳೋ ಮಾತೂ ಅಲ್ಲ. ಜಿ ಅಂದ್ರೆ ಬಸ್ರು ಕಣಮ್ಮಿ. ಎ ಅಂದ್ರೆ ನಿಲ್ದೆ ಹೋದವು. ಎರಡು. ಹೋದವು ಅಂತ ಆಸ್ಪತ್ರೇರು ಅವನ್ನ ಬುಟ್ಟಿಲ್ಲ ನೋಡು, ಸೇರ್ಸಿ ಜಿ ಮೂರು ಅಂತ ಬರ್ದವ್ರೆ. ಮೂರು ಸಲ ಹೊತ್ತವ್ಳೆ ಅಂತ. ಬೀಗಿತ್ತಮ್ಮ, ಬೇಜಾರು ಮಾಡ್ಕೋಬ್ಯಾಡಿ, ಇದು ಮೊದಲ್ನೇದಲ್ಲ. ಮೂರ್ನೇದು."

ಎರಡು ವರ್ಷದಿಂದ ಆ ಎರಡನ್ನು ನಾನೊಬ್ಬಳೇ ಇಟ್ಟುಕೊಂಡಿದ್ದೆ. ಯಾರ ಮುಂದೆಯೂ ಅತ್ತಿರಲಿಲ್ಲ. ಅವತ್ತು ಬಾಯಿ ಬಿಟ್ಟು ಅತ್ತೆ. ಹೊಲಿಗೆ ಎಳೆಯುತ್ತಿದ್ದರೂ ಅತ್ತೆ. ಚಿಕ್ಕಮ್ಮ ಸುಮ್ಮನಿರು ಅನ್ನಲಿಲ್ಲ, ತಾನೂ ಅತ್ತಳು.

ಅತ್ತೆಮ್ಮ ಕೂಸನ್ನು ಎದೆಗೆ ಆನಿಸಿಕೊಂಡೇ ಬಂದು, ಸೆರಗಿನಿಂದ ನನ್ನ ಮುಖ ಒರೆಸಿ ಕೇಳಿದರು.

"ಆ ಐದು ತಿಂಗ್ಳುದ್ದು... ಗಂಡಾ, ಹೆಣ್ಣಾ?"

ಯಾರೂ ಕೇಳಿರಲಿಲ್ಲ. ನಾನೂ ಯಾರಿಗೂ ಹೇಳಿರಲಿಲ್ಲ.

"ಹೆಣ್ಣು," ಅಂದೆ.

ಅತ್ತೆಮ್ಮ ಬಗ್ಗಿ ಕೂಸಿನ ಕಿವಿಯ ಹತ್ತಿರ ಹೇಳಿದರು: "ಕೇಳಿಸ್ತೇನವ್ವ? ನಿಂಗೊಬ್ಳು ಅಕ್ಕ ಇದ್ಲು."