ನಮ್ಮ ಚರಂಡಿಯ ಗುಟ್ಟು ಕಾಪಾಡಿದ ಸಂಶೋಧಕರಿಗೆ

ಮಾನ್ಯರೇ,

ನಮ್ಮ ಬೀದಿಯ ತೆರೆದ ಚರಂಡಿಯ ದಡದಿಂದ ತಮಗೆ ಅನಂತ ವಂದನೆಗಳು. ಸಾಷ್ಟಾಂಗವೇ ಎರಗಬೇಕೆಂದಿದ್ದೆ, ನೆಲ ಒದ್ದೆಯಾಗಿರುವುದರಿಂದ ಮೂಗು ಹಿಡಿದು ನಿಂತಲ್ಲೇ ತಲೆಬಾಗಿದ್ದೇನೆ, ಮನ್ನಿಸಬೇಕು.

'ಸಮುದಾಯದ ಜೊತೆಗೂಡಿ ಸಂಶೋಧನೆ' ಎಂದು ತಾವು ದಯಮಾಡಿಸಿದಾಗ, ಆ ಚರಂಡಿಗೆ ಅಂಟಿಕೊಂಡೇ ಹೊಲಿಗೆ ಅಂಗಡಿ ಇಟ್ಟಿರುವ ನನ್ನ ಸೋದರತ್ತೆ ಮಿಷನ್ ನಿಲ್ಲಿಸಿ, ಮಳೆ ಬಂದಾಗಲೆಲ್ಲ ಒಳನುಗ್ಗುವ ಕೊಳಚೆಯಲ್ಲಿ ಗಿರಾಕಿಗಳ ಬಟ್ಟೆ ಹೇಗೆ ತೇಲುತ್ತದೆಂದು ಚಾಚೂ ತಪ್ಪದೆ ವಿವರಿಸಿದರು. "ಬರ್ಕೊಳ್ಳಿ ಸಾರ್, ನನ್ನ ಹೆಸರನ್ನೂ ದಪ್ಪಗೆ ಬರೀರಿ. ಇನ್ನೊಂದು ಮಳೆ ಬಂದ್ರೆ ಅಂಗಡಿ ಮುಚ್ಚೋದೇ!" ಎಂದೂ ಹೇಳಿದ್ದರು.

ಲೇಖನ ಅಚ್ಚಾಗಿ ಬಂತು. ಆಹಾ, ಏನು ಸೌಜನ್ಯ! ಅತ್ತೆ 'ಏಳನೇ ಮಾಹಿತಿದಾರರು' ಆಗಿದ್ದಾರೆ. ಬೀದಿ 'ಒಂದು ನಗರದ ಒಂದು ವಸತಿ ಪ್ರದೇಶ'ವಾಗಿದೆ. ಚರಂಡಿಗೂ ಮಾನವಿದೆಯೆಂದು ಅರಿತು ಅದನ್ನು 'ತೆರೆದ ಜಲಮಾರ್ಗ' ಎಂದು ಕರೆದಿದ್ದೀರಿ. ಹೆತ್ತ ತಾಯಿಯೂ ನಮ್ಮನ್ನು ಇಷ್ಟು ಜೋಪಾನವಾಗಿ ಬಚ್ಚಿಟ್ಟಿರಲಿಲ್ಲ.

ಅತ್ತೆ ಆ ಲೇಖನವನ್ನೇ ಹಿಡಿದು ನಗರಸಭೆಗೆ ಹೋದರು. ಅಧಿಕಾರಿಗಳು ಪುಟ ಮಗುಚಿ, "ಎಲ್ಲಮ್ಮಾ ಇದ್ರಲ್ಲಿ ನಿಮ್ಮ ಬೀದಿ?" ಎಂದರಂತೆ. "ನಾನೇ ಸ್ವಾಮಿ ಆ ಏಳನೆಯವಳು!" ಎಂದು ಅತ್ತೆ ಎದೆ ತಟ್ಟಿಕೊಂಡರೆ, "ಹಂಗಂತ ಎಲ್ಲಿ ಬರೆದಿದೆ?" ಎಂದು ಕೈತೊಳೆದುಕೊಂಡರಂತೆ. ತಮಗೆ ಫೋನ್ ಮಾಡಿದಾಗ, ಹೆಸರು ಮುಚ್ಚಿಡುವುದು ನಮ್ಮ ರಕ್ಷಣೆಗೇ ಎಂದು ತಿಳಿಸಿದಿರಿ. ತಾವು ಕಟ್ಟಿದ ಕೋಟೆ ಎಷ್ಟು ಭದ್ರವೆಂದರೆ, ಪರಿಹಾರಕ್ಕೂ ಒಳಗೆ ಬರಲು ಬಾಗಿಲಿಲ್ಲ.

ಆದ್ದರಿಂದ ವಿನಮ್ರ ಕೋರಿಕೆ: ಈ ಗೌಪ್ಯತೆಯ ನಿಯಮವನ್ನು ದಯವಿಟ್ಟು ಸೊಳ್ಳೆಗಳಿಗೂ ಮಳೆಗೂ ಮನವರಿಕೆ ಮಾಡಿಕೊಡಿ, ನಮ್ಮ ವಿಳಾಸ ಅವಕ್ಕೆ ಬಾಯಿಪಾಠವಾಗಿದೆ. ಅದಾಗದಿದ್ದರೆ, ನಮ್ಮ ಆಡುಭಾಷೆಯಲ್ಲಿ ಒಂದೇ ಒಂದು ಹಾಳೆ, ಬೀದಿಯ ಹೆಸರು ಮತ್ತು ಬರೆಯಿರೆಂದು ಅತ್ತೆಯೇ ಕೇಳಿಕೊಂಡ ಅವರ ಹೆಸರಿನ ಸಮೇತ, ಪ್ರಕಟಿಸಿ.

ಇಂತಿ, ಹೆಸರು ಹೇಳಿದರೆ ತಮ್ಮ ನಿಯಮ ಮುರಿದೀತೆಂದು ಹೆದರಿರುವ
ತಮ್ಮ ವಿಶ್ವಾಸಿ,
ಏಳನೇ ಮಾಹಿತಿದಾರರ ಸೋದರಳಿಯ

ವಿ.ಸೂ.: ಈ ಪತ್ರ ಅಂಚೆಗೆ ಬೀಳುವವರೆಗೆ, ತಮ್ಮ ಉತ್ತರ ಬರುವವರೆಗೆ ಕಾಯುವಷ್ಟು ತಾಳ್ಮೆ ಮೋಡಗಳಿಗಿರಲಿಲ್ಲ. ಹಾಗಾಗಿ ತಮ್ಮ ಲೇಖನವನ್ನು ಆಡುಮಾತಿಗಿಳಿಸಿ, ಬೀದಿಯ ಹೆಸರು, ಅತ್ತೆಯ ಹೆಸರು ಎರಡನ್ನೂ ಬರೆದು, ಚರಂಡಿ ಪಕ್ಕದ ಗೋಡೆಗೆ ಅಂಟು ಹಚ್ಚಿ ಮೆತ್ತಿದೆ. ಅದನ್ನು ಹರಿದುಹಾಕಲು ನಗರಸಭೆಯ ಅದೇ ಅಧಿಕಾರಿಗಳು ದಾರಿಯಲ್ಲಿ ಯಾರನ್ನೂ ಕೇಳದೆ ನೇರವಾಗಿ ನಮ್ಮ ಬೀದಿಗೇ ಬಂದರು; ಬಂದವರ ಒಂದು ಕಾಲು ಮೊಣಕಾಲಿನವರೆಗೆ ಚರಂಡಿಯೊಳಗೆ ಹೋಯಿತು. ಹೂಳೆತ್ತುವ ಗಾಡಿ ಈಗಷ್ಟೇ ಬಂದು ನಿಂತಿದೆ. ತಮ್ಮ ಮುಂದಿನ ಲೇಖನಕ್ಕೆ ಅಂಟು ನಮ್ಮ ಕಡೆಯಿಂದ.