ಯಾರದೂ ಅಲ್ಲದ ಕಟ್ಟೆಗಳು

ಎಂಜಿನಿಯರ್ ಹುಲಿಗೇಶ್ ಅಳತೆಯ ಟೇಪು ಹಿಡಿದು ಓಣಿಗೆ ಕಾಲಿಟ್ಟ ಬೆಳಿಗ್ಗೆ, ಓಣಿಯ ಮನೆಗಳೆಲ್ಲ ಇದ್ದಕ್ಕಿದ್ದಂತೆ ಸಣ್ಣವಾಗಿಬಿಟ್ಟವು.

ಬಳ್ಳಾರಿಯ ಆ ಓಣಿಗೆ ಸಿಮೆಂಟಿನ ಚರಂಡಿ ಬರುವುದಿತ್ತು. ಪುಕ್ಕಟೆಯಲ್ಲ, ಅದರಿಂದ ಲಾಭ ಪಡೆಯುವ ಮನೆಯವರೇ ಖರ್ಚು ಹಂಚಿಕೊಳ್ಳಬೇಕು. ಕಟ್ಟೆಯೂ ಸೇರಿ ಮನೆಯ ಮುಂಭಾಗ ಎಷ್ಟು ಉದ್ದವೋ ಪಾಲು ಅಷ್ಟು. ಓಣಿಯ ಒಬ್ಬರು ಸಹಿ ಹಾಕದಿದ್ದರೂ ಕೆಲಸವಿಲ್ಲ.

ಚರಂಡಿ ನಿಜವಾಗಿ ಬೇಕಿದ್ದದ್ದು ಜೀನ್ಸ್ ಹೊಲಿಯುವ ಪೀರಸಾಬನಿಗೆ. ಅವನದು ತಗ್ಗಿನ ಕೊನೆಯ ಮನೆ. ಮಳೆ ಬಂದರೆ ಮೇಲಿನವರ ಬಚ್ಚಲ ನೀರೆಲ್ಲ ಹೇಳದೆ ಕೇಳದೆ ಒಳಗೆ ಬಂದು ಹೊಲಿಗೆ ಯಂತ್ರದ ಕಾಲು ತೊಳೆಯುತ್ತಿತ್ತು. ಸಿರುಗುಪ್ಪಕ್ಕೆ ಕೊಟ್ಟ ಮಗಳು ಸುಹಾನಾ ತುಂಬು ಬಸುರಿ. ಚೊಚ್ಚಲ ಹೆರಿಗೆ ತವರಲ್ಲೇ ಆಗಬೇಕು. ಆದರೆ ಬೀಗಿತ್ತಿ ಹೋದ ಮಳೆಗಾಲದಲ್ಲಿ ಬಂದು, ಮಂಚದ ಮೇಲೆ ಕಾಲು ಮಡಚಿ ಕೂತು ಹೋದವರು. ಚರಂಡಿ ಆಗದೆ ಸೊಸೆಯನ್ನು ಕಳಿಸುವುದಿಲ್ಲ ಎಂದುಬಿಟ್ಟಿದ್ದರು. ಹೆಂಡತಿ ದಾವಲಬೀ ಕೂಸಿಗೆ ಕುಲಾವಿ ಹೊಲಿದಿಟ್ಟುಕೊಂಡು ಕಾಯುತ್ತಿದ್ದಳು.

ಟೇಪು ಮೊದಲು ಬಿಚ್ಚಿಕೊಂಡದ್ದು ವಿರೂಪಾಕ್ಷಪ್ಪನವರ ಮನೆಯೆದುರು. ರಸ್ತೆಯನ್ನೇ ನುಂಗಿ ಕಟ್ಟಿಸಿದ ತಮ್ಮ ಕಟ್ಟೆಯ ಮೇಲೆ ಪರರ ನಾಯಿ ಮಲಗಿದರೂ ಅವರು ಜಗಳಕ್ಕಿಳಿಯುತ್ತಿದ್ದರು. ಇಂದು ಅದನ್ನು ಹೊಸದಾಗಿ ಕಂಡವರಂತೆ ದಿಟ್ಟಿಸಿದರು.

"ಈ ಕಟ್ಟಿ ನಮ್ದಲ್ಲ ಬಿಡ್ರಿ. ಮಗ್ಗಲ ಮನಿ ಸತ್ಯಮ್ಮಂದು."

ಅದೇ ಕಟ್ಟೆಗಾಗಿ ಅವರೆದುರು ಪೊರಕೆ ಎತ್ತಿದ್ದ ಸತ್ಯಮ್ಮ, ಹಿರಿಯರ ಆಸ್ತಿ ನಮಗೇಕೆ ಎಂದು ಕೈಮುಗಿದಳು. ಸಾಲದ್ದಕ್ಕೆ ತನ್ನ ಬಾಗಿಲಿಗೂ ಮಂಚ ಅಡ್ಡ ಇಟ್ಟು, ತಾವು ಓಡಾಡುವುದು ಹಿತ್ತಲಿನಿಂದ, ಈ ಓಣಿಗೂ ತಮಗೂ ಸಂಬಂಧವೇ ಇಲ್ಲ ಎಂದಳು. ಅಂಗಡಿಯ ಜಂಬುನಾಥ ತನ್ನ ಕಟ್ಟೆಯ ಮೇಲೆ ಅಮಾವಾಸ್ಯೆಗೆ ಕಾಯಿ ಒಡೆಯುವುದರಿಂದ ಅದು ದೇವರದು ಎಂದು ವಾದಿಸಿದ. ದೇವರ ಸಹಿ ಯಾರು ಹಾಕುತ್ತಾರೆ ಎಂದು ಹುಲಿಗೇಶ್ ಕೇಳಿದ. ಮಧ್ಯಾಹ್ನದ ಹೊತ್ತಿಗೆ ತಲೆತಲೆ ಒಡೆದುಕೊಂಡು ಗಳಿಸಿದ್ದ ಕಟ್ಟೆಗಳೆಲ್ಲ ಅನಾಥವಾಗಿದ್ದವು.

ಅಳತೆಗೆ ವಾರಸುದಾರರಿಲ್ಲದಿದ್ದರೆ ಯೋಜನೆ ರದ್ದು ಎಂದು ಹುಲಿಗೇಶ್ ಟೇಪು ಸುತ್ತಿ ಬೈಕ್ ಹತ್ತಿದ. ಪೀರಸಾಬ ಓಡಿಹೋಗಿ ಬೈಕಿನ ಹ್ಯಾಂಡಲ್ ಹಿಡಿದುಕೊಂಡ.

"ಯಾರ್ದೂ ಅಲ್ದ ಕಟ್ಟಿ ಎಲ್ಲಾ ನನ್ ಹೆಸರಿಗೆ ಬರ್ಕೊಳ್ರಿ ಸಾಹೇಬ್ರ."

ಓಣಿಗೆ ಓಣಿಯೇ ಅವನ ಗುಣ ಹಾಡಿತು. ಮನುಷ್ಯನೆಂದರೆ ಹೀಗಿರಬೇಕು ಎಂದು ವಿರೂಪಾಕ್ಷಪ್ಪನವರು ಬೆನ್ನು ತಟ್ಟಿದರು. ಸತ್ಯಮ್ಮ ಮಂಚ ಸರಿಸಿ, ಅದೇ ಬಾಗಿಲಿನಿಂದ ಬಂದು ಸಹಿ ಹಾಕಿದಳು. ಇರುವ ಎರಡು ಯಂತ್ರಗಳಲ್ಲಿ ಒಂದನ್ನು ಮಾರಿದರಾಯಿತು ಎಂದುಕೊಂಡು ಪೀರಸಾಬನೂ ಹಾಕಿದ. ದಾವಲಬೀ ಆಗಲೇ ಸಿರುಗುಪ್ಪಕ್ಕೆ ಫೋನು ಹಚ್ಚಿದ್ದಳು.

ಹುಲಿಗೇಶನ ಆಳು ಮೇಲಿನಿಂದ ಸುಣ್ಣದ ಪುಡಿಯ ಗೆರೆ ಹಾಕುತ್ತ ಬಂದ. ಗೆರೆ ಪೀರಸಾಬನ ಹೊಸ್ತಿಲ ಮುಂದೆ ಬಂದು ನಿಂತಿತು. ಮುಂದೆ ಹೋಗಲೇ ಇಲ್ಲ.

"ಮುಂದ?" ಎಂದ ಪೀರಸಾಬ.

"ಮುಂದ ಇಲ್ರಿ," ಎಂದ ಹುಲಿಗೇಶ್. " ಕೆಳಗಿನ ಓಣಿಯವರು ರೊಕ್ಕ ಕೊಡಂಗಿಲ್ಲ ಅಂದಾರ. ಕೊಟ್ಟವರ ಮನಿ ತನಕ ಅಷ್ಟ ಚರಂಡಿ."

"ಮತ್ತ ನೀರು?"

"ಇಷ್ಟು ದಿನ ಅರ್ಧ ನೀರು ಮಣ್ಣಾಗ ಇಂಗತಿದ್ವು. ಇನ್ನ ಸಿಮೆಂಟು. ಒಂದ್ ಹನಿ ಎಲ್ಲೂ ನಿಲ್ಲಂಗಿಲ್ಲ, ಸೀದಾ ಇಲ್ಲಿಗೇ ಬರ್ತಾವ."

ತನ್ನ ಸಹಿ ಹೊಡೆದುಹಾಕಿ ಎಂದು ಪೀರಸಾಬ ಗೋಗರೆದ. ಬೆಳಗಿನಿಂದ ಚರಂಡಿಯಿಂದ ತಮಗೇನೂ ಲಾಭವಿಲ್ಲ ಎನ್ನುತ್ತಿದ್ದವರಿಗೆ ಈಗ ಲಾಭ ಕಣ್ಣಿಗೆ ಕಂಡಿತ್ತು. ಒಬ್ಬನ ಸಲುವಾಗಿ ಓಣಿಯ ಕೆಲಸ ಕೆಡಿಸುವುದು ಯಾವ ನ್ಯಾಯ ಎಂದು ವಿರೂಪಾಕ್ಷಪ್ಪನವರು ಬೇಸರದಿಂದ ಕೇಳಿದರು. ಕಾಗದ ಹುಲಿಗೇಶನ ಚೀಲ ಸೇರಿತು.

ಒಳಗೆ ದಾವಲಬೀ ಮಗಳಿಗೆ ಏನೇನು ತರಬೇಕೆಂದು ನಗುನಗುತ್ತ ಹೇಳುತ್ತಿದ್ದಳು. ಪೀರಸಾಬ ಅವಳ ಕೈಯಿಂದ ಫೋನು ತೆಗೆದುಕೊಂಡ.

"ಬರಬ್ಯಾಡ ಬೇಟಿ, ಅಲ್ಲೇ ಇರು. ಇಲ್ಲಿ ಚರಂಡಿ ಆಗಾಕತ್ತೈತಿ."